ಎರಡು ಸಲ ತಟ್ಟಿದ ಸದ್ದು

ಅವಳಿಗೆ ಅವಸರಮ್ಮ ಎಂದು ಹೆಸರಿಟ್ಟವನು ಅವಳ ಗಂಡ. ಮದುವೆಯಾದ ಹೊಸದರಲ್ಲಿ ತಮಾಷೆಗೆ ಕರೆದದ್ದು, ಬರಬರುತ್ತ ಬೀದಿಗೆಲ್ಲ ಅದೇ ಹೆಸರಾಯಿತು. ಹೆಸರಿಗೆ ತಕ್ಕ ಹೆಂಗಸೇ ಅವಳು. ಅನ್ನ ಬೇಯುವ ಮೊದಲೇ ಮುಚ್ಚಳ ತೆಗೆದು ನೋಡುವವಳು, ಬಟ್ಟೆ ಒಣಗುವ ಮೊದಲೇ ಮಡಚಿಡುವವಳು, ಚರ್ಚಿನಲ್ಲಿ ಹಾಡುವಾಗ ಉಳಿದವರಿಗಿಂತ ಅರ್ಧ ಸಾಲು ಮುಂದಿರುವವಳು. "ಸ್ವರ್ಗದ ಬಾಗಿಲು ತೆಗೆಯೋಕೆ ಮುಂಚೆನೇ ಹೋಗಿ ನಿಂತ್ಕೊಳ್ತೀಯ ನೀನು," ಎಂದು ಗಂಡ ರೇಗಿಸುತ್ತಿದ್ದ. ಕೊನೆಗೆ ಹೇಳದೆ ಕೇಳದೆ ಅವನೇ ಮುಂಚೆ ಹೋದ. ಆ ಒಂದು ವಿಷಯಕ್ಕೆ ಅವಳಿಗೆ ಅವನ ಮೇಲೆ ಇನ್ನೂ ಸಿಟ್ಟಿತ್ತು.

ಅವನು ಬಡಗಿ. ಬಿಟ್ಟುಹೋದದ್ದು ಒಂದು ಮನೆ, ಮನೆಗೆ ಅಂಟಿಕೊಂಡ ಮರಗೆಲಸದ ಶೆಡ್ಡು, ಆ ಶೆಡ್ಡಿನಲ್ಲೇ ಕೆಲಸ ಕಲಿತ ಇಬ್ಬರು ಗಂಡುಮಕ್ಕಳು. ದೊಡ್ಡವನು ಒಂದು ಹಲಗೆ ಕೊಯ್ಯಲು ಮೂರು ಸಲ ಅಳೆಯುವ ಮನುಷ್ಯ. ಮಾತನ್ನೂ ಹಾಗೆಯೇ ಅಳೆದು ಆಡುವವನು. ಚಿಕ್ಕವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕಿ, ತುಟಿಯ ಮೇಲೆ ಸಕ್ಕರೆ ಇಟ್ಟುಕೊಂಡೇ "ನಾನಲ್ಲ" ಎಂದವನು. ಅದನ್ನು ತಾಯಿ ಮರೆತಿರಲಿಲ್ಲ.

ಮನೆಯಲ್ಲಿ ಇನ್ನಿಬ್ಬರು. ದೊಡ್ಡವನ ಹೆಂಡತಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಅವರ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಎಲ್ಲದಕ್ಕೂ ವಾದ ಹೂಡುತ್ತಿದ್ದುದರಿಂದ ಅವಳಿಗೆ ವಕೀಲಮ್ಮ ಎಂಬ ಹೆಸರು ಬಿದ್ದಿತ್ತು.

ಶೆಡ್ಡಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಹಲಗೆಗೋಡೆ ಮಾತ್ರ. ಗರಗಸದ ಯಂತ್ರದ ಮೇಜನ್ನು ಬಡಗಿ ಆ ಗೋಡೆಗೇ ಸೇರಿಸಿ ಮೊಳೆ ಹೊಡೆದಿದ್ದ. ಸ್ವಿಚ್ಚು ಮಾತ್ರ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ, ಪೇರಿಸಿಟ್ಟ ಹಲಗೆಗಳ ಆಚೆ. ಸ್ವಿಚ್ಚಿನ ಹತ್ತಿರ ನಿಂತವನಿಗೆ ಗರಗಸದ ಹತ್ತಿರ ಇರುವವನು ಕಾಣುತ್ತಿರಲಿಲ್ಲ. ಯಂತ್ರದ ಕಿರುಚಾಟ ತಡೆಯಲಾರದೆ ಗರಗಸದ ಬಳಿ ನಿಂತವನು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದುದರಿಂದ ಕೂಗಿ ಕೇಳಿಯೂ ಪ್ರಯೋಜನವಿರಲಿಲ್ಲ. ಅದಕ್ಕೇ ಬಡಗಿ ಒಂದು ಕ್ರಮ ಮಾಡಿದ್ದ. ಗರಗಸದವನು ಸಿದ್ಧನಾದ ಮೇಲೆ ಮರದ ಕೊಡತಿಯಿಂದ ಮೇಜಿಗೆ ಎರಡು ಸಲ ತಟ್ಟಬೇಕು. ಎರಡು ಸಲ ಸದ್ದು ಕೇಳಿದರೆ ಇನ್ನೊಬ್ಬ ಸ್ವಿಚ್ಚು ಹಾಕಬೇಕು, ಇಲ್ಲದಿದ್ದರೆ ಇಲ್ಲ. ಅಪ್ಪನ ಕಾಲದಿಂದ ಅದು ತಪ್ಪಿರಲಿಲ್ಲ.

ಅಪಘಾತವಾದ ದಿನ ಅವಸರಮ್ಮನಿಗೆ ನೆಗಡಿಯಾಗಿ ಗಂಟಲು ಪೂರ್ತಿ ಕಟ್ಟಿತ್ತು. ಟೀ ಲೋಟಗಳಿಗೆ ಸುರಿದಾಗಿತ್ತು. ಕುಡಿಯಲು ಬರುವ ಬದಲು ಇವರು ಯಂತ್ರ ಶುರು ಮಾಡಿದರಲ್ಲ ಎಂದು ಅವಳು ಒಳಗೇ ಗೊಣಗಿಕೊಂಡಳು. ಆ ಗೊಣಗು ಮುಗಿಯುವ ಮೊದಲೇ ದೊಡ್ಡವನು ಕಿರುಚಿದ್ದು ಕೇಳಿಸಿತು. ಓಡಿಹೋಗಿ ನೋಡಿದರೆ ಹಲಗೆಯ ಮೇಲೆಲ್ಲ ರಕ್ತ. ಬಾಯಿ ತೆರೆದರೆ ಅವಳಿಗೆ ಸ್ವರವೇ ಹೊರಡಲಿಲ್ಲ. ಎಡಗೈಯ ನಡುಬೆರಳು, ಉಂಗುರದ ಬೆರಳು ಎರಡೂ ಮೇಲಿನ ಗೆಣ್ಣಿನವರೆಗೆ ಹೋಗಿದ್ದವು.

ಆಸ್ಪತ್ರೆಯಿಂದ ಬಂದ ಸಂಜೆಯೇ ಜಗಳ ಶುರುವಾಯಿತು.

"ಗರಗಸದ ಹಲ್ಲಿಗೆ ಚಕ್ಕೆ ಸಿಕ್ಕಿತ್ತು, ಬಿಡಿಸ್ತಾ ಇದ್ದೆ. ಯಾಕೆ ಹಾಕಿದೆ ಸ್ವಿಚ್ಚು?" ಎಂದು ಕೇಳಿದ ದೊಡ್ಡವನು.

"ನೀನು ತಟ್ಟಿದೆ ಅಣ್ಣ. ಎರಡು ಸಲ."

"ನಾನು ತಟ್ಟಲಿಲ್ಲ."

"ನನ್ನ ಕಿವಿಯಾರೆ ಕೇಳಿದೆ."

"ಕೈ ಗರಗಸದಲ್ಲಿಟ್ಟುಕೊಂಡು ನಾನೇ ತಟ್ತೀನಾ? ನನಗೇನು ತಲೆ ಕೆಟ್ಟಿತ್ತಾ? ನಿನ್ನ ಗಮನ ಎಲ್ಲೋ ಇತ್ತು, ಹಾಕಿಬಿಟ್ಟೆ. ಹಾಗಂತ ಒಪ್ಪಿಕೋ, ಮುಗೀತು. ಬೆರಳು ಹೋಗಿದ್ದಕ್ಕೆ ನಾನು ಏನೂ ಅನ್ನಲ್ಲ. ಸುಳ್ಳು ಹೇಳಬೇಡ."

"ಸುಳ್ಳು ನಾನು ಹೇಳ್ತಾ ಇಲ್ಲ," ಎಂದ ಚಿಕ್ಕವನು. ಅವನ ಮುಖ ಸುಣ್ಣದಂತಾಗಿತ್ತು.

ಅವಸರಮ್ಮ ನಡುವೆ ಬಂದಳು. "ಆಯ್ತು, ಆಯ್ತು. ಚಿಕ್ಕೋನೇ, ಅಣ್ಣನ ಹತ್ರ ಕ್ಷಮೆ ಕೇಳು. ಈಗಲೇ ಕೇಳು."

"ಕ್ಷಮಿಸು ಅಣ್ಣ," ಎಂದ ಅವನು. ಬೆನ್ನಿಗೇ, "ಆದ್ರೆ ನೀನು ತಟ್ಟಿದ್ದೆ," ಎಂದ.

ದೊಡ್ಡವನು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವತ್ತಿನಿಂದ ಅಣ್ಣ ತಮ್ಮನ ನಡುವೆ ಮಾತು ನಿಂತಿತು.

ಮಾತು ನಿಂತ ಮನೆಯಲ್ಲಿ ಕೆಲಸ ಹೆಚ್ಚಾಗುತ್ತದೆ. ಒಬ್ಬನಿಗೆ ಹೇಳಬೇಕಾದ್ದನ್ನು ಇನ್ನೊಬ್ಬರ ಮೂಲಕ ಹೇಳಬೇಕು. "ನಿಮ್ಮ ಚಿಕ್ಕಪ್ಪನನ್ನ ಕೇಳು, ದೊಡ್ಡ ಉಳಿ ಎಲ್ಲಿಟ್ಟಿದ್ದಾನೆ ಅಂತ." "ನಿಮ್ಮಪ್ಪನಿಗೆ ಹೇಳು, ಇಟ್ಟಲ್ಲೇ ಇದೆ ಅಂತ." ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂತಿರುತ್ತಿದ್ದರು. ನಡುವೆ ವಕೀಲಮ್ಮ ರೊಟ್ಟಿ ಅಗಿಯುತ್ತ, "ಎರಡೂ ಕಡೆಯವರು ಕೇಳಿಸಿಕೊಂಡಿದ್ದಾರೆ, ನಾನು ಮತ್ತೆ ಹೇಳಲ್ಲ," ಎನ್ನುತ್ತಿದ್ದಳು.

ಅವಸರಮ್ಮ ಸುಮ್ಮನಿರುವವಳೇ? ಒಂದು ದಿನ ಇಬ್ಬರಿಗೂ ಸೇರಿಸಿ ಒಂದೇ ಬಟ್ಟಲಿನಲ್ಲಿ ಸಾರು ಇಟ್ಟಳು, ಹಂಚಿಕೊಳ್ಳುವಾಗಲಾದರೂ ಮಾತು ಬರಲಿ ಎಂದು. ದೊಡ್ಡವನು ಒಣ ಅನ್ನ ತಿಂದು ಎದ್ದ, ಚಿಕ್ಕವನೂ ಒಣ ಅನ್ನ ತಿಂದು ಎದ್ದ, ಸಾರೆಲ್ಲ ಮಿಕ್ಕಿತು. ಇನ್ನೊಂದು ದಿನ ಚಿಕ್ಕವನ ಕೈಯಲ್ಲಿ ಮುಲಾಮು ಕೊಟ್ಟು, "ಹೋಗಿ ಅಣ್ಣನ ಕೈಗೆ ಹಚ್ಚು," ಎಂದು ದೂಡಿದಳು. "ಅಲ್ಲಿ ಇಟ್ಟು ಹೋಗು," ಎಂದು ಗೋಡೆ ಕಡೆ ತಿರುಗಿಕೊಂಡ ದೊಡ್ಡವನು.

"ಅತ್ತೆ, ಸ್ವಲ್ಪ ಸುಮ್ಮನಿರಿ," ಎಂದಳು ಸೊಸೆ, ಹೊಲಿಗೆಯಿಂದ ತಲೆ ಎತ್ತದೆ. "ಗಾಯದ ಪಟ್ಟೀನ ಡಾಕ್ಟರು ವಾರಕ್ಕೊಂದು ಸಲ ಬಿಚ್ಚಿ ಅಂದಿದ್ದಾರೆ. ನೀವು ದಿನಕ್ಕೆ ಮೂರು ಸಲ ಬಿಚ್ತಾ ಇದೀರಿ."

"ನನ್ನ ಮಕ್ಕಳು, ನಾನು ನೋಡ್ಕೋತೀನಿ."

"ನೋಡಿ. ನೋಡೋದಕ್ಕೆ ಯಾರು ಬೇಡ ಅಂದ್ರು? ಕೈ ಹಾಕ್ಬೇಡಿ ಅಂದೆ ಅಷ್ಟೆ."

ಅವಳು ಕೈ ಹಾಕಿಯೇ ಹಾಕಿದಳು. ಯಾರಿಗೂ ಹೇಳದೆ ಸಭೆಯ ಅಯ್ಯನವರನ್ನು ಊಟಕ್ಕೆ ಕರೆದಳು. ವಯಸ್ಸಾದ, ಮೆಲ್ಲಗೆ ನಡೆಯುವ, ಮೆಲ್ಲಗೆ ತಿನ್ನುವ ಪಾದ್ರಿ ಅವರು. ಊಟ ಮುಗಿಯುತ್ತಿದ್ದಂತೆ ಅವಳು ಎಲ್ಲರ ಎದುರಿಗೆ, "ಅಯ್ಯನವರೇ, ಇವತ್ತು ನಿಮ್ಮ ಮುಂದೇನೇ ಇವರಿಬ್ಬರೂ ಒಂದಾಗಬೇಕು," ಎಂದಳು. ಪಾದ್ರಿಯವರೇ ಮುಜುಗರಪಟ್ಟರು. ದೊಡ್ಡವನು ಅವರ ಮುಖ ನೋಡಿದ, ತಾಯಿಯ ಮುಖ ನೋಡಿದ, "ಕ್ಷಮಿಸಿದ್ದೀನಿ," ಎಂದ. ಅವಸರಮ್ಮ ಸಂತೋಷದಿಂದ ಕಣ್ಣೊರೆಸಿಕೊಂಡು ಎಲ್ಲರಿಗೂ ಹಣ್ಣು ಹಂಚಿದಳು.

ಮರುದಿನ ಸಂಜೆಯೇ ಆ ಸಂತೋಷ ಇಳಿಯಿತು. ರಾತ್ರಿಯೂಟಕ್ಕೆ ಮೊದಲು ಆ ಮನೆಯಲ್ಲಿ ಎಲ್ಲರೂ ಮೇಜಿನ ಸುತ್ತ ಕೂತು ಕರ್ತನು ಕಲಿಸಿದ ಪ್ರಾರ್ಥನೆಯನ್ನು ಒಟ್ಟಿಗೆ ಹೇಳುವುದು ರೂಢಿ. ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂಬ ಸಾಲು ಬಂದಾಗ ದೊಡ್ಡವನ ದಪ್ಪ ಸ್ವರ ನಿಂತುಹೋಯಿತು. ಆ ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಂಡಿತು. ಅದರ ಮಾರನೆಯ ದಿನವೂ ಹಾಗೆಯೇ.

"ಅವತ್ತು ಕ್ಷಮಿಸಿದ್ದೀನಿ ಅಂದೆಯಲ್ಲೋ?" ಎಂದು ಅವಳು ಮಗನನ್ನು ಹಿಡಿದು ಕೇಳಿದಳು.

"ಅವತ್ತು ನಿನಗೋಸ್ಕರ ಅಂದೆ ಅಮ್ಮ. ಸುಳ್ಳು ಅಂದೆ. ಒಂದು ಸಲ ಅಯ್ಯನವರ ಮುಂದೆ ಸುಳ್ಳು ಹೇಳಿದ್ದಾಯ್ತು. ದಿನಾ ದೇವರ ಮುಂದೆ ಹೇಳು ಅನ್ನಬೇಡ."

ಆ ತಿಂಗಳ ಪ್ರಭುಭೋಜನದ ಭಾನುವಾರ ರೊಟ್ಟಿ, ಪಾನಪಾತ್ರೆ ತೆಗೆದುಕೊಳ್ಳಲು ಎಲ್ಲರೂ ಎದ್ದಾಗ, ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ಅದನ್ನು ಮುಟ್ಟಬಾರದೆಂದು ದೊಡ್ಡವನು ಬೆಂಚಿನಲ್ಲೇ ಕೂತಿದ್ದ. ಅದನ್ನು ಕಂಡು ಚಿಕ್ಕವನೂ ಎದ್ದವನು ಕೂತ. ಅವರಪ್ಪನೇ ಮಾಡಿದ ಬೆಂಚು ಅದು. ಗಂಡುಮಕ್ಕಳನ್ನು ಅಲ್ಲೇ ಬಿಟ್ಟು ಅವಸರಮ್ಮ ಮುಂದೆ ಹೋದಳು. ತಿರುಗಿ ಬರುವಾಗ ಅವಳಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಆರಾಧನೆ ಮುಗಿದ ಮೇಲೆ ಪಾದ್ರಿಯವರ ಮುಂದೆ ನಿಂತು ಅತ್ತೇಬಿಟ್ಟಳು. "ದೇವರು ಯಾಕೆ ಇಷ್ಟು ತಡ ಮಾಡ್ತಾನೆ ಅಯ್ಯನವರೇ? ದಿನಾ ಬೇಡ್ತಾ ಇದೀನಿ. ಮಾಡಬೇಕಾದ್ದೆಲ್ಲ ಮಾಡಿದೀನಿ."

"ಅದೇ ತೊಂದರೆ ಆಗಿರೋದು," ಎಂದರು ಅವರು. "ಎಲ್ಲಾ ನೀವೇ ಮಾಡಿಬಿಟ್ರೆ ಹೇಗಮ್ಮ? ದೇವರಿಗೂ ಸ್ವಲ್ಪ ಕೆಲಸ ಉಳಿಸಿ."

ಅಳುತ್ತಿದ್ದವಳಿಗೆ ನಗು ಬಂತು. "ಹಾಗಾದ್ರೆ ನಾನೇನು ಮಾಡ್ಲಿ, ಕೈ ಕಟ್ಟಿ ಕೂತ್ಕೊಳ್ಲಾ?"

"ಕೂತ್ಕೊಳ್ಳೋದು ಯಾಕೆ? ಅಡುಗೆ ಮಾಡಿ, ಬಡಿಸಿ, ಪ್ರಾರ್ಥನೆ ಮಾಡಿ. ಆ ಒಂದು ವಿಷಯದಲ್ಲಿ ಮಾತ್ರ ಬಾಯಿ ಬೇಡ. ದೇವರಿಗೆ ತನ್ನ ಸಮಯ ಗೊತ್ತಿದೆ. ನೀವು ನೆನಪಿಸಬೇಕಾಗಿಲ್ಲ."

ಬಾಯಿ ಮುಚ್ಚುವುದು ಅವಸರಮ್ಮನಿಗೆ ಹೊಸ ಕಸುಬು. ಮೊದಮೊದಲು ಬಾಯಿಗೆ ಬಂದ ಮಾತನ್ನು ನುಂಗುವುದಕ್ಕೆ ನೀರು ಕುಡಿಯುತ್ತಿದ್ದಳು. ದಿನವಿಡೀ ಹೊಟ್ಟೆ ಉಬ್ಬರಿಸಿಕೊಂಡಿರುತ್ತಿತ್ತು. ಕಿಟಕಿ ಗಾಜುಗಳನ್ನೆಲ್ಲ ಒರೆಸಿದಳು. ಬೇಳೆಯಲ್ಲಿ ಇಲ್ಲದ ಕಲ್ಲು ಆರಿಸಿದಳು. ಶೆಡ್ಡಿನೊಳಗೆ ಕಾಲಿಟ್ಟರೆ ಏನಾದರೂ ಅಂದೇಬಿಡುತ್ತೇನೆಂದು ಅತ್ತ ಹೋಗುವುದನ್ನೇ ಬಿಟ್ಟಳು, ಟೀಯನ್ನೂ ಮೊಮ್ಮಗಳ ಕೈಯಲ್ಲೇ ಕಳಿಸುತ್ತಿದ್ದಳು.

"ಅಜ್ಜಿ, ಹುಷಾರಿದೀಯಾ?" ಎಂದು ವಕೀಲಮ್ಮ ಅವಳ ಹಣೆ ಮುಟ್ಟಿ ನೋಡಿದಳು. "ಬೆಳಗ್ಗೆಯಿಂದ ಯಾರಿಗೂ ಬುದ್ಧಿ ಹೇಳಿಲ್ಲ."

"ಕಾಯ್ತಾ ಇದೀನಿ."

"ಯಾವುದಕ್ಕೆ?"

"ದೇವರ ಸಮಯಕ್ಕೆ."

"ಓಹೋ. ಆತನಿಗೆ ಗೊತ್ತಾ, ನೀನು ಹೀಗೆ ಕಾಯ್ತಾ ಇದೀಯ ಅಂತ? ಹೆದರಿಕೊಂಡಿರ್ತಾನೆ ಪಾಪ."

ಕಾದದ್ದಕ್ಕೆ ಫಲವೇನೂ ಕಾಣಲಿಲ್ಲ. ದೊಡ್ಡವನ ಗಾಯ ಮಾಗಿ ಅವನು ಕೆಲಸಕ್ಕೆ ಇಳಿದ. ಗರಗಸದ ಬಳಿ ತಮ್ಮನನ್ನು ಸೇರಿಸಲಿಲ್ಲ. ಸ್ವಿಚ್ಚಿನ ಹತ್ತಿರ ಹೆಂಡತಿಯನ್ನು ನಿಲ್ಲಿಸಿಕೊಳ್ಳುತ್ತಿದ್ದ. ಚಿಕ್ಕವನು ಅಂಗಳದಲ್ಲಿ ಕೂತು ಕೈಗೆಲಸವನ್ನಷ್ಟೇ ಮಾಡುತ್ತಿದ್ದ. ಒಂದು ಬೆಳಗ್ಗೆ ಅವನು ರೊಟ್ಟಿಯ ತಟ್ಟೆ ಪಕ್ಕಕ್ಕಿಟ್ಟು, "ಅಮ್ಮ, ಸೋಮವಾರದಿಂದ ಬೇರೆ ಕಡೆ ಕೆಲಸಕ್ಕೆ ಹೋಗ್ತೀನಿ. ಅಲ್ಲೇ ಒಂದು ಕೋಣೆನೂ ಕೊಡ್ತಾರೆ," ಎಂದ.

"ಅಂದ್ರೆ? ಮನೆ ಬಿಟ್ಟು?"

"ಸುಳ್ಳುಗಾರ ಅನ್ನಿಸಿಕೊಂಡು ಎಷ್ಟು ದಿನ ಇರಲಿ? ಅವನೊಬ್ಬನೇ ಅಲ್ಲ. ನೀನೂ ಹಾಗೇ ಅಂದ್ಕೊಂಡಿದೀಯ. ನಿನ್ನ ಕಣ್ಣಲ್ಲಿ ಕಾಣುತ್ತೆ."

ನಿಜವಾಗಿಯೂ ಅವಳು ಹಾಗೆ ಅಂದುಕೊಂಡಿದ್ದಳು. ಸಕ್ಕರೆ ಡಬ್ಬಿಯ ಹುಡುಗ, ಹೆದರಿ ಸುಳ್ಳು ಹೇಳಿದ್ದಾನೆ, ಪಾಪ, ಎಂದೇ ಅವಳ ಮನಸ್ಸಿನಲ್ಲಿತ್ತು. ಅವನು ತನ್ನ ಉಳಿ, ಅಳತೆಪಟ್ಟಿಗಳನ್ನೆಲ್ಲ ಒರೆಸಿ ಪೆಟ್ಟಿಗೆಗೆ ತುಂಬಿ ಬಾಗಿಲ ಪಕ್ಕ ಇಟ್ಟ. ಅಪ್ಪನ ಕೊಡತಿಯನ್ನು ಮಾತ್ರ ಮುಟ್ಟಲಿಲ್ಲ.

ಗುರುವಾರ ಮಧ್ಯಾಹ್ನ. ಒಲೆಯ ಮೇಲೆ ಟೀ ಕುದಿದಿತ್ತು, ಮೊಮ್ಮಗಳು ಕಾಲೇಜಿನಿಂದ ಇನ್ನೂ ಬಂದಿರಲಿಲ್ಲ. ಗಂಟಲು ಗಟ್ಟಿಯಿದ್ದಾಗ ಅವಸರಮ್ಮ ಹಿತ್ತಲ ಬಾಗಿಲಲ್ಲಿ ನಿಂತು "ಟೀ!" ಎಂದು ಕೂಗಿದರೆ ಪಕ್ಕದ ಮನೆಯವರೂ ಲೋಟ ತೊಳೆದುಕೊಳ್ಳಬೇಕು, ಅಂಥ ಗಂಟಲು. ಈಗ ಬಾಯಿಗೆ ಬೀಗ ಹಾಕಿಕೊಂಡವಳಲ್ಲವೆ? ಕೈಯಲ್ಲಿದ್ದ ಮರದ ಸೌಟಿನಿಂದಲೇ ಹಲಗೆಗೋಡೆಗೆ ತಟ್ಟಿದಳು. ಟಕ್, ಟಕ್.

ಗೋಡೆಯ ಆಚೆ ಗರಗಸ ಗುಂಯ್ ಎಂದು ತಿರುಗತೊಡಗಿತು.

"ಏಯ್! ನಿಲ್ಲಿಸು! ನಿಲ್ಲಿಸು!" ದೊಡ್ಡವನ ಕೂಗು. ಯಂತ್ರ ನಿಂತಿತು. "ಇನ್ನೂ ಅಳೀತಾ ಇದೀನಿ, ಯಾಕೆ ಹಾಕಿದೆ?"

"ನೀವು ತಟ್ಟಿದ್ರಲ್ಲ?" ಇದು ಸೊಸೆಯ ದನಿ.

"ನಾನೆಲ್ಲಿ ತಟ್ಟಿದೆ? ಕೊಡತಿ ಅಲ್ಲಿ ಬಿದ್ದಿದೆ ನೋಡು."

"ಅಯ್ಯೋ, ಎರಡು ಸಲ ತಟ್ಟಿದ ಸದ್ದು ಚೆನ್ನಾಗಿ ಕೇಳಿಸ್ತು ಕಣ್ರೀ. ನಿಮ್ಮ ಕಿವಿಯಲ್ಲಿ ಹತ್ತಿ ಇತ್ತು. ನನ್ನ ಕಿವಿಗೇನಾಗಿದೆ?"

"ಹಲಗೆ ಯಾವುದೋ ಜಾರಿರಬೇಕು. ಇನ್ಮೇಲೆ ನೋಡಿ ಹಾಕು," ಎಂದು ದೊಡ್ಡವನು ರೇಗಿದ.

ಗೋಡೆಯ ಈಚೆ ಅವಸರಮ್ಮ ಸೌಟು ಹಿಡಿದುಕೊಂಡು ನಿಂತಿದ್ದಳು. ಗಂಟಲು ಕಟ್ಟಿದ್ದ ಆ ದಿನ ಅವಳಿಗೆ ಪೂರ್ತಿಯಾಗಿ ನೆನಪಿಗೆ ಬಂತು. ಕೂಗಲು ಸ್ವರವಿಲ್ಲದೆ, ಟೀ ಆರಿಹೋಗುತ್ತದೆಂಬ ಅವಸರಕ್ಕೆ, ಇದೇ ಸೌಟಿನಿಂದ ಇದೇ ಗೋಡೆಗೆ ತಟ್ಟಿದ್ದಳು. ಎರಡು ಸಲ. ಕೊಡತಿಯ ಸದ್ದು ಶೆಡ್ಡಿನದು, ಸೌಟಿನ ಸದ್ದು ಅಡುಗೆಮನೆಯದು. ಎರಡೂ ಒಂದೇ ಮರದೊಳಗೆ ಹಾದು ಹೋಗುತ್ತವೆಂದು ಅವಳಿಗೆ ಈ ಗಳಿಗೆಯವರೆಗೆ ಹೊಳೆದೇ ಇರಲಿಲ್ಲ. ಚಿಕ್ಕವನು ಸುಳ್ಳು ಹೇಳಿರಲಿಲ್ಲ. ದೊಡ್ಡವನೂ ಹೇಳಿರಲಿಲ್ಲ. ಅವಳು ಅಲ್ಲೇ ಮಣೆಯ ಮೇಲೆ ಕೂತಳು.

ಈಗ ಹೋಗಿ ಹೇಳಬೇಕು. ಬಾಗಿಲು ನಾಲ್ಕು ಹೆಜ್ಜೆ ದೂರ. ಹುಟ್ಟಿದಾಗಿನಿಂದ ಯಾವುದಕ್ಕೂ ಕಾಯದ ಹೆಂಗಸಿಗೆ ಅವತ್ತು ಏಳಲು ಆಗಲಿಲ್ಲ. ನನ್ನ ಕೈಯಿಂದಲೇ ಮಗನ ಬೆರಳು ಹೋಯಿತೆಂದು ಯಾವ ಬಾಯಿಂದ ಹೇಳುವುದು? ಇವತ್ತು ಬೇಡ, ದೊಡ್ಡವನು ಸಿಟ್ಟಿನಲ್ಲಿದ್ದಾನೆ. ಕಾಯಬೇಕು. ಎಲ್ಲಕ್ಕೂ ದೇವರ ಸಮಯವಿದೆ ಎಂದು ಅಯ್ಯನವರೇ ಹೇಳಿದ್ದಾರಲ್ಲ. ಹಾಗೆ ಅಂದುಕೊಂಡು ಅವಳು ಆರಿದ ಟೀಯನ್ನು ಮತ್ತೆ ಬಿಸಿಮಾಡಿದಳು.

ಶುಕ್ರವಾರವೂ ಕಾದಳು. ಇಷ್ಟು ದಿನ ಕಾಯುವುದು ಬಾಯಿಗೆ ಕೆಂಡ ಇಟ್ಟುಕೊಂಡ ಹಾಗಿತ್ತು, ಈಗ ನೋಡಿದರೆ ಬಲು ಹಗುರ! ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸೋಮವಾರ ಬರುತ್ತದೆ, ಚಿಕ್ಕವನು ಹೋಗುತ್ತಾನೆ, ಗೋಡೆಗೂ ಸೌಟಿಗೂ ಬಾಯಿಲ್ಲ. ಅಷ್ಟು ಸುಲಭವಾದದ್ದೇ ಅವಳಿಗೆ ಭಯ ಹುಟ್ಟಿಸಿತು.

ಶನಿವಾರ ಬೆಳಗ್ಗೆ ತರಕಾರಿ ಅಂಗಡಿಯ ಮುಂದೆ ಪಾದ್ರಿಯವರು ಸಿಕ್ಕರು. "ಹೇಗಿದೀರಮ್ಮ?"

"ಕಾಯ್ತಾ ಇದೀನಿ ಅಯ್ಯನವರೇ. ದೇವರ ಸಮಯ ಬರಲಿ ಅಂತ."

"ಒಳ್ಳೇದಮ್ಮ, ಒಳ್ಳೇದು," ಎಂದು ಅವರು ಮನಸ್ಸು ತುಂಬಿ ಹೇಳಿದರು. "ನಿಮ್ಮಿಂದ ಇದು ಆಗುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ. ಎಷ್ಟು ಬದಲಾಗಿದ್ದೀರಿ!"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಈರುಳ್ಳಿ ಚೀಲ ಹೊತ್ತು ಮನೆಗೆ ಬರುವ ದಾರಿಯುದ್ದಕ್ಕೂ ಅವಳು ತನ್ನನ್ನೇ ಬೈದುಕೊಂಡಳು. ದೇವರು ತನ್ನ ಸಮಯಕ್ಕೆ ಬಂದಾಗಿತ್ತು. ಗುರುವಾರ ಮಧ್ಯಾಹ್ನವೇ ಬಂದಿದ್ದ, ಅವಳ ಕೈಗೆ ಸೌಟು ಕೊಟ್ಟು ತೋರಿಸಿದ್ದ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ನಿನ್ನ ಸಮಯಕ್ಕೆ ಕಾಯ್ತಾ ಇದ್ದೀನಿ ಅಂತ ಒಳಗೆ ಕೂತವಳು ಅವಳು. ಇನ್ನೊಂದು ಮಾತೂ ಆಗ ಹೊಳೆಯಿತು. ಅಯ್ಯನವರ ಮುಂದೆ ಅವತ್ತು ಅವಳ ಹಟ ಗೆದ್ದಿದ್ದರೆ, ಮಾಡದ ತಪ್ಪನ್ನು ಒಬ್ಬ ಒಪ್ಪಿಕೊಂಡು, ಇಲ್ಲದ ತಪ್ಪನ್ನು ಇನ್ನೊಬ್ಬ ಕ್ಷಮಿಸಿ, ಸುಳ್ಳಿನ ಮೇಲೆ ಮನೆ ಒಂದಾಗುತ್ತಿತ್ತು. ಅದಕ್ಕೆ ದೇವರು ಒಪ್ಪಿರಲಿಲ್ಲ. ತಡ ಮಾಡಿದ್ದು ಅದಕ್ಕೇ.

ಸಂಜೆ ಊಟಕ್ಕೆ ಎಲ್ಲರೂ ಕೂತರು. ಬೇಳೆ ಸಾರು, ಅನ್ನ, ಬೇಯಿಸಿದ ಮೊಟ್ಟೆ. ಚಿಕ್ಕವನ ಪೆಟ್ಟಿಗೆ ಬಾಗಿಲ ಪಕ್ಕದಲ್ಲೇ ಇತ್ತು. ವಕೀಲಮ್ಮ ಪ್ರಾರ್ಥನೆಗೆ ಕಣ್ಣು ಮುಚ್ಚಿದಳು.

"ತಾಳಿ," ಎಂದಳು ಅವಸರಮ್ಮ. "ಪ್ರಾರ್ಥನೆಗೆ ಮುಂಚೆ ಒಂದು ಮಾತಿದೆ."

"ಅಜ್ಜಿ, ಮತ್ತೆ ಶುರು ಮಾಡಬೇಡ," ಎಂದಳು ಮೊಮ್ಮಗಳು ಒಂದು ಕಣ್ಣು ತೆಗೆದು.

"ಇವರಿಬ್ಬರ ಮಾತಲ್ಲ ಕಣೇ. ನನ್ನದು." ಅವಳು ಸೌಟನ್ನು ಮೇಜಿನ ನಡುವೆ ಇಟ್ಟಳು. "ಅವತ್ತು ತಟ್ಟಿದ್ದು ನಾನು."

ಯಾರಿಗೂ ಅರ್ಥವಾಗಲಿಲ್ಲ.

"ಗಂಟಲು ಕಟ್ಟಿತ್ತು. ಟೀಗೆ ಕರೆಯೋಕೆ ಈ ಸೌಟಲ್ಲಿ ಗೋಡೆಗೆ ತಟ್ಟಿದೆ. ಎರಡು ಸಲ. ನಿನ್ನ ಯಂತ್ರದ ಸದ್ದು ಕೇಳಿ, ಟೀಗೆ ಬರಲಿಲ್ಲವಲ್ಲ ಅಂತ ಬೈದುಕೊಂಡೆ, ಅಷ್ಟೇ. ನನಗೆ ಗೊತ್ತಿರಲಿಲ್ಲ ಮಗನೇ, ದೇವರಾಣೆ ಗೊತ್ತಿರಲಿಲ್ಲ. ಗುರುವಾರ ಮತ್ತೆ ತಟ್ಟಿದೆ, ಆಗ ಗೊತ್ತಾಯ್ತು. ಗೊತ್ತಾದ ಮೇಲೂ ಎರಡು ದಿನ ಹೇಳಲಿಲ್ಲ. ಹೆದರಿದೆ." ಅವಳು ಚಿಕ್ಕವನ ಕಡೆ ತಿರುಗಿದಳು. "ನಿನ್ನ ಸುಳ್ಳುಗಾರ ಅಂದ್ಕೊಂಡೆ. ನಾನು ಹೆತ್ತ ಮಗನನ್ನ ನಾನೇ ನಂಬಲಿಲ್ಲ."

ಸೊಸೆ ಕೈಯನ್ನು ಬಾಯಿಗೆ ಒತ್ತಿಕೊಂಡಳು. "ಅದಕ್ಕೇ ಗುರುವಾರ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ದೊಡ್ಡವನು ಮೂರು ಸಲ ಅಳೆಯುವವನು. ಸೌಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಎದ್ದು ಹಲಗೆಗೋಡೆಯ ಬಳಿ ಹೋಗಿ ನಿಂತ. ಆಮೇಲೆ ಇಷ್ಟು ವಾರಗಳಲ್ಲಿ ಮೊದಲ ಸಲ ತಮ್ಮನ ಮುಖ ನೋಡಿ ಮಾತಾಡಿದ.

"ಹೋಗಿ ಸ್ವಿಚ್ಚಿನ ಹತ್ರ ನಿಂತ್ಕೊ. ಹಾಕಬೇಡ. ಬರೀ ಕೇಳಿಸ್ಕೊ."

ಚಿಕ್ಕವನು ಎದ್ದು ಹೋದ. ಶೆಡ್ಡಿನ ಬಾಗಿಲು ಕಿರ್ರೆಂದಿತು, ಹೆಜ್ಜೆಗಳು ಹಲಗೆರಾಶಿಯ ಆಚೆ ಹೋಗಿ ನಿಂತವು. ದೊಡ್ಡವನು ಗೋಡೆಗೆ ಎರಡು ಸಲ ತಟ್ಟಿದ.

ಚಿಕ್ಕವನು ತಿರುಗಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಕೆನ್ನೆ ಒದ್ದೆಯಾಗಿತ್ತು. "ಅದೇ ಸದ್ದು ಅಣ್ಣ," ಎಂದ. "ಇದೇ ಕೇಳಿಸಿತ್ತು ನನಗೆ."

"ನೀನು ಸುಳ್ಳು ಹೇಳಿರಲಿಲ್ಲ."

"ನೀನೂ ಹೇಳಿರಲಿಲ್ಲ."

ದೊಡ್ಡವನು ಸೌಟನ್ನು ಮೇಜಿನ ಮೇಲಿಟ್ಟು, ತಾಯಿಯ ಕಡೆ ನೋಡದೆ ಹಿತ್ತಲಿಗೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನಲ್ಲಿ ನಿಂತಿತು, ಅವನು ಬರಲಿಲ್ಲ. ಅವಸರಮ್ಮ ಏಳಲು ಮೇಜಿನ ಮೇಲೆ ಕೈ ಊರಿದಳು. ಹೋಗಿ ಅವನ ಕೈ ಹಿಡಿಯಬೇಕು, ಕಾಲು ಹಿಡಿಯಬೇಕು, ಕ್ಷಮಿಸಿದೆ ಎಂದು ಈಗಲೇ ಅವನ ಬಾಯಿಂದ ಕೇಳಿಸಿಕೊಳ್ಳಬೇಕು ಎನಿಸಿತು. ಅವಳು ಮತ್ತೆ ಕೂತಳು. ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಉಳಿದದ್ದು ಅವಳದಾಗಿರಲಿಲ್ಲ. ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಮುಚ್ಚಳ ತೆಗೆದು ಒಮ್ಮೆಯೂ ನೋಡಲಿಲ್ಲ. ವಕೀಲಮ್ಮ ಕುರ್ಚಿ ಸರಿಸಿ ಅಜ್ಜಿಯ ಪಕ್ಕಕ್ಕೆ ಬಂದಳು.

ದೊಡ್ಡವನು ಬಂದಾಗ ಅವನ ಮುಖ, ಕೂದಲು ಒದ್ದೆಯಾಗಿದ್ದವು. ತನ್ನ ಜಾಗದಲ್ಲಿ ಕೂತು, "ಪ್ರಾರ್ಥನೆ ಮಾಡೋಣ," ಎಂದ.

ಐದು ಸ್ವರಗಳು ಒಟ್ಟಿಗೆ ಹೊರಟವು. ದಿನದಿನದ ರೊಟ್ಟಿಯ ಸಾಲು ದಾಟಿತು. ಮುಂದಿನ ಸಾಲಿಗೆ ಬರುವಾಗ ಅವಸರಮ್ಮನ ಗಂಟಲು ಕಟ್ಟಿತು, ಈ ಸಲ ನೆಗಡಿಯಿಂದಲ್ಲ. ಕ್ಷಮಿಸು ಎಂಬ ಆ ಮಾತನ್ನು ಇಷ್ಟು ವರ್ಷ ಎಲ್ಲರಿಗಿಂತ ಮುಂದೆ ಓಡಿ ಹೇಳಿದ್ದವಳಿಗೆ ಈಗ ಅದು ಬಾಯಿಗೆ ಬರಲಿಲ್ಲ. ಅವಳು ನಿಂತದ್ದನ್ನು ಕೇಳಿ ಸೊಸೆಯೂ ನಿಂತಳು, ಮೊಮ್ಮಗಳೂ ನಿಂತಳು, ಚಿಕ್ಕವನೂ ನಿಂತ. ಆ ಮೌನದಲ್ಲಿ ದೊಡ್ಡವನ ದಪ್ಪ ಸ್ವರವೊಂದೇ ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹೇಳಿತು. ನಿಧಾನವಾಗಿ, ಒಂದೊಂದು ಮಾತನ್ನೂ ಅಳೆದು ಇಟ್ಟ ಹಾಗೆ. ಕೊನೆಯಲ್ಲಿ ತಮ್ಮನ ಸ್ವರ ಬಂದು ಸೇರಿಕೊಂಡಿತು.

ಆಮೆನ್ ಆದ ಮೇಲೂ ಅವಸರಮ್ಮ ಕಣ್ಣು ತೆರೆಯಲು ಹೆದರಿ ಕೂತಿದ್ದಳು.

"ಅಮ್ಮ," ಎಂದ ದೊಡ್ಡವನು. "ಇನ್ಮೇಲೆ ಟೀಗೆ ಬಾಗಿಲ ಹತ್ರ ಬಂದು ಕೂಗು. ಪಕ್ಕದ ಮನೆಯವರಿಗೂ ಕೇಳಿಸೋ ಹಾಗೆ ಕೂಗು."

ಆಮೇಲೆ ಅವನು ಎಡಗೈ ಎತ್ತಿದ. ಪಟ್ಟಿ ಬಿಚ್ಚಿದ ಮೇಲೆ, ಕೆಲಸದ ಹೊತ್ತು ಬಿಟ್ಟರೆ, ಆ ಕೈಯನ್ನು ಅವನು ಯಾವಾಗಲೂ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ತುದಿಯಿಲ್ಲದ ಎರಡು ಬೆರಳುಗಳನ್ನು ಮಡಚಿ, ಗೆಣ್ಣಿನಿಂದ ಊಟದ ಮೇಜಿಗೆ ತಟ್ಟಿದ. ಟಕ್, ಟಕ್.

ಚಿಕ್ಕವನು ಅಣ್ಣನ ಮುಖ ನೋಡಿದ. ಅಪ್ಪನ ಕಾಲದಿಂದ ಆ ಸದ್ದಿಗೆ ಒಂದೇ ಅರ್ಥ, ನಾನು ಸಿದ್ಧ, ಶುರು ಮಾಡು ಎಂದು. ಅವನು ಸಾರಿನ ಮುಚ್ಚಳ ತೆಗೆದು, ಸೌಟು ಹಿಡಿದು, ಮೊದಲು ಅಣ್ಣನ ತಟ್ಟೆಗೆ ಬಡಿಸಿದ.